ಯಾಗುಪ ಮನೆಯಲ್ಲೇ ಉಳಿದ ವರ್ಷ

ಮೀಸೆ ಮೂಡಿದ ಮೇಲೆ ಒಂದು ಮಾರ್ಚ್ ತಿಂಗಳನ್ನೂ ಯಾಗುಪ ಮನೆಯಲ್ಲಿ ಕಳೆದವನಲ್ಲ. ಫೆಬ್ರವರಿಯಲ್ಲಿ ಕಡಲು ಹೆಪ್ಪುಗಟ್ಟುತ್ತಲೇ ನಮ್ಮ ಕಿಹ್ನು ದ್ವೀಪದ ಗಂಡಸರು ದೋಣಿಗಳನ್ನು ಜಾರುಬಂಡಿಯಂತೆ ಎಳೆದುಕೊಂಡು ಸೀಲ್ ಬೇಟೆಗೆ ಹೊರಡುತ್ತಾರೆ. ಮಂಜುಗಡ್ಡೆ ಒಡೆದು ನೀರು ತೆರೆದ ಮೇಲೆ ಅದೇ ದೋಣಿಗೆ ಹುಟ್ಟು ಹಾಕುತ್ತ ಮರಳುತ್ತಾರೆ. ನಡುವಿನ ಆರೇಳು ವಾರ ಊರು ಹೆಂಗಸರದು. ಆ ವಾರಗಳಲ್ಲಿ ಮನೆಯೊಳಗೆ ಏನು ನಡೆಯುತ್ತದೆ ಎಂದು ಯಾವ ಗಂಡಸೂ ಕೇಳಿದ್ದಿಲ್ಲ, ಯಾವ ಹೆಂಗಸೂ ಹೇಳಿದ್ದಿಲ್ಲ.

ಆ ವರ್ಷ ಯಾಗುಪನಿಗೆ ಐವತ್ತೊಂದು. ಬೇಟೆಗೆ ಹೊರಟ ಎರಡನೆಯ ದಿನವೇ, ಊರು ಇನ್ನೂ ಬೆನ್ನ ಹಿಂದೆ ಸಣ್ಣಗೆ ಕಾಣುತ್ತಿರುವಾಗಲೇ, ಎರಡು ಗಡ್ಡೆಗಳ ಸಂದಿಗೆ ಅವನ ಎಡಗಾಲು ಇಳಿಯಿತು. ದೋಣಿ ಮುಂದಕ್ಕೆ ಜಾರಿತು, ಕಾಲು ಹಿಂದೆ ಉಳಿಯಿತು. ಮೊಣಕಾಲಿನ ಕೆಳಗೆ ಒಣಕಡ್ಡಿ ಮುರಿದಂತೆ ಸದ್ದಾಯಿತು. ದೋಣಿಯ ಯಜಮಾನ ಆಂದ್ರುಸ್ ಅವನನ್ನು, ಸಾಮಾನು ಇಳಿಸಿ ಮರಳುತ್ತಿದ್ದ ಕುದುರೆಯ ಜಾರುಬಂಡಿಯೊಂದರಲ್ಲಿ ಮಲಗಿಸಿ ಊರಿಗೆ ಕಳಿಸಿದ. ಕಳಿಸುವಾಗ ಕೂಗಿ ಹೇಳಿದ: "ಬೀಗರೇ, ಮದುವೆ ಮನೇಲಿ ಕುಣಿಯೋದಕ್ಕಾದ್ರೂ ಒಂದು ಕಾಲು ಉಳಿಸ್ಕೊಳ್ಳಿ!"

ಬೀಗರೇ ಎಂದದ್ದು ಬರಿಯ ತಮಾಷೆಗಲ್ಲ. ಯಾಗುಪನ ಒಬ್ಬಳೇ ಮಗಳು ಲೀಸುವನ್ನು ಆಂದ್ರುಸನ ತಮ್ಮನ ಮಗ ಮಿಹ್ಕೆಲನಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ಈಸ್ಟರ್ ಕಳೆದ ಎರಡನೆಯ ಭಾನುವಾರ ಮದುವೆ. ಮಿಹ್ಕೆಲನೂ ಅದೇ ದೋಣಿಯಲ್ಲಿದ್ದ. ಮಾವನಾಗುವವನ ಕಾಲಿನ ಕೆಳಗೆ ತನ್ನ ಕುರಿತುಪ್ಪಳದ ಕೋಟನ್ನು ಮಡಿಸಿ ಇಟ್ಟವನು ಅವನೇ.

ಮೂಳೆ ಕೂರಿಸುವ ಮುದುಕ ಬಂದು ಕಾಲನ್ನು ಎಳೆದು, ಎರಡು ಹಲಗೆಗಳ ನಡುವೆ ಕಟ್ಟಿ, "ಗಡ್ಡೆ ಕರಗೋವರೆಗೂ ಮಲಗಿರು. ಅದು ಕರಗಿದ ದಿನ ನೀನು ಎದ್ದೇಳು," ಎಂದು ಹೇಳಿ ಹೋದ. ಹೆಂಡತಿ ರೂಸಿ ಕಿಟಕಿಯ ಪಕ್ಕ ಹಲಗೆಮಂಚ ಹಾಕಿಸಿದಳು.

ಮೊದಲ ವಾರ ನೋವು. ಎರಡನೆಯ ವಾರ ಸಿಟ್ಟು. ಮೂರನೆಯ ವಾರದಲ್ಲಿ ಯಾಗುಪ ನೋಡತೊಡಗಿದ.

ನೋಡಲು ಎಷ್ಟೊಂದಿತ್ತು! ಹಿಮದ ಮೇಲೆ ಬಿದ್ದ ಬೆಳಕು ಕಿಟಕಿಯಿಂದ ಒಳಬಂದು ತೊಲೆಗಳ ಅಡಿಯಲ್ಲಿ ನಿಧಾನವಾಗಿ ಸರಿಯುತ್ತಿತ್ತು. ನಿನ್ನೆ ಗಡಿಯಾರದ ಮೊಳೆಯ ತನಕ ಬಂದದ್ದು ಇಂದು ಅದನ್ನು ದಾಟಿ ನಾಲ್ಕು ಬೆರಳು ಮುಂದೆ. ಒಲೆಯ ಹಿಂದೆ, ಹುಲ್ಲಿನ ಮೇಲೆ, ಅವಧಿಗೆ ಮುಂಚೆ ಹುಟ್ಟಿದ ಕುರಿಮರಿಯೊಂದು ನಿದ್ದೆಯಲ್ಲೇ ಕಾಲು ಒದರುತ್ತಿತ್ತು. ಒದ್ದೆ ಉಣ್ಣೆಯ ವಾಸನೆ, ಕಪ್ಪುರೊಟ್ಟಿಯ ಹುಳಿ ವಾಸನೆ, ಬಾಗಿಲು ತೆರೆದಾಗ ನುಗ್ಗುವ ಹಿಮದ ವಾಸನೆ. ಇವೆಲ್ಲದರ ನಡುವೆ, ಎಂದೂ ನಿಲ್ಲದೆ, ಹೆಣಿಗೆಕಡ್ಡಿಗಳ ಟಿಕಿಟಿಕಿ.

ಅವರು ಎಲ್ಲದರ ಜೊತೆಗೂ ಹೆಣೆಯುತ್ತಿದ್ದರು. ರೂಸಿ ಗಂಜಿ ಕಲಕುವ ಮೊದಲೊಂದು ಸಾಲು, ಕಲಕಿದ ಮೇಲೊಂದು ಸಾಲು. ಲೀಸು ಕೊಟ್ಟಿಗೆಗೆ ನಡೆಯುತ್ತ ಹೆಣೆಯುವಳು, ಕಂಕುಳಲ್ಲಿ ನೂಲಿನ ಉಂಡೆ ಸಿಕ್ಕಿಸಿಕೊಂಡು. ಯಾಗುಪನ ತಾಯಿ ವೀಯು ಅಜ್ಜಿಗೆ ಎಂಬತ್ತು ದಾಟಿತ್ತು, ಕಣ್ಣು ಮಬ್ಬು, ಕಿವಿ ಮಂದ; ಅವಳು ಒಲೆಯ ಬಳಿ ಕೂತು ನಿದ್ದೆಯಲ್ಲೂ ಹೆಣೆಯುವಳು. ತಲೆ ಎದೆಯ ಮೇಲೆ ಬಿದ್ದು ಗೊರಕೆ ಕೇಳುತ್ತಿದ್ದರೂ ಬೆರಳುಗಳು ಇನ್ನೊಂದು ಹತ್ತು ಕುಣಿಕೆ ಮುಂದೆ ಹೋಗಿ ಆಮೇಲೆ ನಿಲ್ಲುತ್ತಿದ್ದವು. ಆ ಟಿಕಿಟಿಕಿ ಕೇಳುತ್ತ ಯಾಗುಪನಿಗೆ ಹಗಲಲ್ಲೇ ಜೊಂಪು ಹತ್ತುತ್ತಿತ್ತು. ದೋಣಿಯ ಒಡಲಿಗೆ ಸಣ್ಣ ಗಡ್ಡೆಚೂರುಗಳು ಬಡಿದಂತೆ ಕೇಳುವುದು. ಮನೆಯೇ ಕಟ್ಟು ಬಿಚ್ಚಿಕೊಂಡು ತೇಲುತ್ತಿದೆ, ರೂಸಿ ಚುಕ್ಕಾಣಿ ಹಿಡಿದಿದ್ದಾಳೆ, ತಾನು ಸರಕಿನಂತೆ ಮಲಗಿದ್ದೇನೆ ಎನಿಸುವುದು. ಎಚ್ಚರವಾದರೆ ಗಂಜಿ ತಣ್ಣಗಾಗಿರುತ್ತಿತ್ತು.

"ಎದ್ಯಾ? ಬೇಟೆ ಏನಾದ್ರೂ ಸಿಕ್ತಾ?" ಎಂದು ರೂಸಿ ಕೇಳುತ್ತಿದ್ದಳು.

ಬೇಟೆಗೆ ಹೋದವರ ಮಾತೊಂದನ್ನು ಬಿಟ್ಟು ಹೆಂಗಸರು ಎಲ್ಲ ಮಾತನ್ನೂ ಆಡುತ್ತಿದ್ದರು. ಹಸು, ನೂಲು, ಪಕ್ಕದ ಮನೆಯ ಕಾದ್ರಿಯ ಹಲ್ಲುನೋವು, ಪಾದ್ರಿಯ ಹೆಂಡತಿಯ ಹೊಸ ಟೋಪಿ, ಎಲ್ಲವೂ ಬರುತ್ತಿತ್ತು. ಕಡಲು ಮಾತ್ರ ಬರುತ್ತಿರಲಿಲ್ಲ. ಇದನ್ನು ಅವನು ಗಮನಿಸುವುದಕ್ಕೇ ಹತ್ತು ದಿನ ಹಿಡಿಯಿತು.

ಮಾರ್ಚ್ ಮಧ್ಯದಲ್ಲಿ ರೂಸಿಯ ಬಲಗೈ ಹೆಬ್ಬೆರಳಿಗೆ ಮೀನಿನ ಮುಳ್ಳು ಚುಚ್ಚಿ ಉಗುರುಸುತ್ತು ಆಯಿತು. ಸುಟ್ಟ ಈರುಳ್ಳಿ ಕಟ್ಟಿದರು, ಬಿಸಿ ಬೂದಿನೀರಲ್ಲಿ ಅದ್ದಿದರು. ಬೆರಳು ಆಲೂಗಡ್ಡೆಯಷ್ಟು ದಪ್ಪವಾಯಿತು. ಸಂಜೆ ಅವಳು ಲೀಸುವಿನ ಮದುವೆ ಪೆಟ್ಟಿಗೆಯನ್ನು ಎಳೆದು ತಂದು ಕೈಗವಸುಗಳನ್ನು ಯಾಗುಪನ ಹೊದಿಕೆಯ ಮೇಲೆ ಜೊತೆಜೊತೆಯಾಗಿ ಹರಡಿದಳು. ಕಡುನೀಲಿ, ಬಿಳಿ, ಮಣಿಕಟ್ಟಿನ ಬಳಿ ಒಂದು ಎಳೆ ಕೆಂಪು. ಮದುವೆಯ ದಿನ ವಧು ಗಂಡಿನ ಕಡೆಯ ಪ್ರತಿಯೊಬ್ಬರಿಗೂ ಒಂದೊಂದು ಜೊತೆ ಕೊಡಬೇಕು. ಆಂದ್ರುಸನ ಬಳಗವೋ ದೊಡ್ಡದು.

"ಮೂವತ್ತೊಂದು," ಎಂದಳು ರೂಸಿ. "ನಲವತ್ತೆರಡು ಬೇಕು."

"ಹನ್ನೊಂದು ಜೊತೆ ಏನು ಮಹಾ? ಕಾದ್ರಿಗೆ ಹೇಳು," ಎಂದ ಯಾಗುಪ.

ರೂಸಿ ಅವನನ್ನು ಕುರಿಮರಿಯನ್ನು ನೋಡುವಂತೆ ನೋಡಿದಳು. "ಕಾದ್ರಿಗೆ ಹೇಳೋದೂ ಒಂದೇ, ಚರ್ಚಿನ ಗಂಟೆ ಬಾರಿಸೋದೂ ಒಂದೇ. 'ಯಾಗುಪನ ಮಗಳ ಪೆಟ್ಟಿಗೆ ಖಾಲಿಯಂತೆ, ಹುಡುಗಿಗೆ ಕೈ ಬಗ್ಗಲ್ವಂತೆ' ಅಂತ ಬೀಗರ ಮನೆ ಮುಟ್ಟೋದಕ್ಕೆ ಎಷ್ಟು ಹೊತ್ತು?"

"ನಾನು ಮಾಡ್ತೀನಮ್ಮ, ನಿದ್ದೆ ಕಡಿಮೆ ಮಾಡ್ತೀನಿ," ಎಂದಳು ಲೀಸು. ಮದುವೆಯ ಲಂಗದ ಬಟ್ಟೆ ಮಗ್ಗದ ಮೇಲೆ ಅರ್ಧಕ್ಕೆ ನಿಂತಿತ್ತು. ಹಸುಗಳೆರಡೂ ಅವಳ ಪಾಲಿಗೇ ಬಿದ್ದಿದ್ದವು. ಅವಳ ಕಣ್ಣ ಕೆಳಗೆ ಆಗಲೇ ಕಪ್ಪು. ಅಜ್ಜಿಗೆ ಬಣ್ಣದ ವಿನ್ಯಾಸ ಕಾಣದು, ಸಾದಾ ಕಾಲುಚೀಲ ಮಾತ್ರ.

 ಮರುದಿನ ಮಧ್ಯಾಹ್ನ ತಾಯಿಮಗಳಿಬ್ಬರೂ ಕೊಟ್ಟಿಗೆಯಲ್ಲಿದ್ದಾಗ, ಲೀಸು ಮಂಚದ ತುದಿಯಲ್ಲಿ ಬಿಟ್ಟುಹೋಗಿದ್ದ ಕೈಗವಸನ್ನು ಯಾಗುಪ ಎತ್ತಿಕೊಂಡ. ಐದು ಕಡ್ಡಿ, ಒಂದೊಂದೂ ಹುಲ್ಲಿನಷ್ಟು ತೆಳು. ಮೂವತ್ತೈದು ವರ್ಷ ಬಲೆ ಹೆಣೆದ ಕೈ, ಹಗ್ಗ ಎಳೆದು ಎಳೆದು ಒರಟಾದದ್ದು. ಆ ಕೈಯಲ್ಲಿ ಕಡ್ಡಿಗಳು ಕಾಣಲೇ ಇಲ್ಲ. ಆದರೂ ಬೆರಳುಗಳಿಗೆ ಏನೋ ನೆನಪಿತ್ತು. ಅವನು ಆರು ವರ್ಷದವನಿದ್ದಾಗ, ಅಪ್ಪ ಬೇಟೆಗೆ ಹೋದ ಚಳಿಗಾಲಗಳಲ್ಲಿ, ವೀಯು ಅವನ ಕೈಗೆ ಕಡ್ಡಿ ಕೊಟ್ಟು ಸುಮ್ಮನಿರಿಸುತ್ತಿದ್ದಳು. ಎಂಟಕ್ಕೆ ಅವನು ದೋಣಿ ಹತ್ತಿದ. ದೋಣಿ ಹತ್ತಿದವನು ಕಡ್ಡಿ ಹಿಡಿದರೆ ನಗುತ್ತಾರೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಅವನು ಒಂದು ಸಾಲು ಮುಗಿಸಿದ. ಬೆವರು ಬಂತು.

"ಎಡಗೈ ಎಳೆ ಸಡಿಲ ಬಿಡು," ಎಂದಳು ಒಲೆಯ ಬಳಿಯಿಂದ ವೀಯು ಅಜ್ಜಿ, ಕಣ್ಣು ತೆರೆಯದೆಯೇ. "ಸದ್ದಲ್ಲೇ ಗೊತ್ತಾಗುತ್ತೆ. ಕುಣಿಕೇನ ನೇಣು ಬಿಗಿದ ಹಾಗೆ ಬಿಗೀತಿದ್ದೀಯ."

"ನಿನಗೆ ಕಿವಿ ಕೇಳಲ್ಲ ಅಲ್ವೇನವ್ವ!"

"ಬೇಡದ್ದು ಕೇಳಲ್ಲ."

ಲೀಸು ಬಂದವಳು ಬಾಗಿಲಲ್ಲೇ ಹಾಲಿನ ಬಕೆಟ್ಟು ಹಿಡಿದು ನಿಂತಳು. ಅಪ್ಪ ಕಳ್ಳನಂತೆ ಕೈಗವಸನ್ನು ಮಡಿಲಿಗೆ ಇಳಿಸಿದ. ಅವಳು ಬಕೆಟ್ಟು ಇಟ್ಟು ಹತ್ತಿರ ಬಂದು ಅವನು ಮಾಡಿದ್ದನ್ನು ಬೆಳಕಿಗೆ ಹಿಡಿದು ನೋಡಿದಳು. ನಗುತ್ತಾಳೆಂದು ಅವನು ಕಾದ. ಅವಳು ನಗಲಿಲ್ಲ.

"ಇಲ್ಲಿ ಬಿಳಿ ಎಳೆ ಮೇಲೆ ಬರ್ಬೇಕಿತ್ತಪ್ಪ. ಇದು ಬೆಕ್ಕಿನ ಹೆಜ್ಜೆ. ಮೂರು ನೀಲಿ, ಒಂದು ಬಿಳಿ, ಮತ್ತೆ ಮೂರು ನೀಲಿ. ನೋಡು, ನಡೆದ್ಕೊಂಡು ಹೋಗ್ತಾ ಇದೆ ಅನ್ನಿಸ್ಬೇಕು."

"ನಿನ್ನ ಬೆಕ್ಕಿಗೂ ಕಾಲು ಮುರಿದಿದೆ ಅಂದ್ಕೋ," ಎಂದ ಯಾಗುಪ. ಆಗ ಅವಳು ನಕ್ಕಳು.

ಹೀಗೆ ಅವರು ಎದುರುಬದುರು ಕೂತು ಹೆಣೆಯತೊಡಗಿದರು, ಅವನು ಎಡಗವಸು, ಅವಳು ಬಲಗವಸು. ಇಪ್ಪತ್ತು ವರ್ಷದ ಮಗಳ ಮುಖವನ್ನು ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ಅವನು ನೋಡಿದ್ದೇ ಇಲ್ಲ. ಎಣಿಸುವಾಗ ಅವಳ ಕೆಳತುಟಿ ಅಲುಗುತ್ತಿತ್ತು. ಎಡಗಿವಿಯ ಹಿಂದೆ ಸಣ್ಣದೊಂದು ಮಚ್ಚೆ. ಅವಳಿಗೆ ಕಪ್ಪೆಗಳೆಂದರೆ ಪ್ರೀತಿ, ಗಂಜಿಯ ಕೆನೆ ಕಂಡರಾಗದು, ಮಿಹ್ಕೆಲ್ ಹಾಡುವಾಗ ಕಣ್ಣು ಮುಚ್ಚುತ್ತಾನೆಂದು ಅವಳಿಗೆ ನಗು. ಇದೆಲ್ಲ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅವನಿಗೆ ಮಾತ್ರ ಹೊಸದು.

ಒಂದು ಬೆಳಗ್ಗೆ ಕಾದ್ರಿ ಹುಳಿಹಿಟ್ಟು ಕೇಳಿಕೊಂಡು ಬಂದವಳು ತಟ್ಟದೆಯೇ ಒಳನುಗ್ಗಿದಳು. ಯಾಗುಪ ಕೈಗವಸನ್ನು, ಕಡ್ಡಿಗಳ ಸಮೇತ, ತೊಡೆಯ ಕೆಳಗೆ ತುರುಕಿಕೊಂಡ.

"ಹೇಗಿದ್ದೀಯ ಯಾಗುಪ? ನೋವಾ?"

"ಇಲ್ಲ," ಎನ್ನುವಾಗ ಅವನ ಹಣೆಯಲ್ಲಿ ಬೆವರು. ಒಂದು ಕಡ್ಡಿ ತೊಡೆಗೆ ಅರ್ಧ ಅಂಗುಲ ಇಳಿದಿತ್ತು.

"ಪಾಪ, ಗಂಡಸ್ರು ಮನೇಲಿ ಕೂತ್ರೆ ಹೀಗೇ ಸೊರಗಿಹೋಗ್ತಾರೆ," ಎಂದು ಲೊಚಗುಟ್ಟುತ್ತ ಕಾದ್ರಿ ಕೂತೇಬಿಟ್ಟಳು. ಅವಳು ಎದ್ದು ಹೋಗುವಷ್ಟರಲ್ಲಿ ಅರ್ಧ ಗಂಟೆ ಆಯಿತು. ರೂಸಿ ಒಲೆಯ ಕಡೆ ತಿರುಗಿ ಭುಜ ಕುಲುಕಿಸಿ ನಗುತ್ತಿದ್ದವಳು, ಅವಳು ಹೋದ ಮೇಲೆ ಕಣ್ಣೊರೆಸಿಕೊಳ್ಳುತ್ತ ಬಂದು ಅವನ ತೊಡೆಯ ಗಾಯಕ್ಕೆ ಮದ್ದಾಗಿ ಮರದ ಟಾರು ಹಚ್ಚಿದಳು.

ಮನೆಯ ಬಾಗಿಲ ಅಡಿಯಲ್ಲಿ ಗಾಳಿ ತಡೆಯುವುದಕ್ಕೆ ಒಂದು ಉದ್ದನೆಯ ಸುರುಳಿ ಇತ್ತು. ಮಾಸಿದ ಬೂದು ಉಣ್ಣೆಯದು, ಒಳಗೆ ಮರದಪುಡಿ ತುಂಬಿದ್ದು. ಎಷ್ಟೋ ವರ್ಷದಿಂದ ಯಾಗುಪ ಒಳಬರುವಾಗಲೊಮ್ಮೆ ಹೊರಹೋಗುವಾಗಲೊಮ್ಮೆ ಅದನ್ನು ಬೂಟಿನಿಂದ ಒದ್ದು ಸರಿಸುತ್ತಿದ್ದ. ಈಗ ಮಲಗಿದಲ್ಲಿಂದ ನೋಡುತ್ತ, ಹೆಣಿಗೆಯ ಕಣ್ಣು ಬಂದವನಿಗೆ, ಅದು ಹಳೆ ಬಟ್ಟೆ ಹೊಲಿದು ಮಾಡಿದ್ದಲ್ಲ, ಒಂದೇ ಕೊಳವೆಯಾಗಿ ಹೆಣೆದದ್ದು ಎಂದು ಕಂಡಿತು. ಕುಣಿಕೆಗಳು ಸಣ್ಣವು, ಸಮವಾದವು. ಬಾಗಿಲ ಗಾಳಿಗೆ ಇಷ್ಟು ನಯವಾದ ಕೆಲಸ ಯಾರು ಮಾಡುತ್ತಾರೆ?

"ಲೀಸು, ಅದೇನದು?"

ಲೀಸು ಕೈ ನಿಲ್ಲಿಸಿ ಅಮ್ಮ ಎಲ್ಲಿದ್ದಾಳೆಂದು ನೋಡಿದಳು. ರೂಸಿ ಹೊರಗೆ ಸೌದೆ ತರುತ್ತಿದ್ದಳು.

"ನಿನಗೆ ಗೊತ್ತಿಲ್ವಾ? ಅದು ನಿನ್ನ ಕಾಲುಚೀಲ."

"ನನ್ನದು?"

"ನೀವು ಮೂವರು ಗಡ್ಡೆ ಮೇಲೆ ತೇಲಿಹೋದ ವರ್ಷದ್ದು. ನಾನು ಮೂರು ವರ್ಷದವಳಂತೆ. ನೀನು ಹೋಗೋ ಮುಂಚೆ ಅಮ್ಮ ನಿನಗೆ ಒಂದು ಜೊತೆ ಶುರು ಮಾಡಿದ್ಲಂತೆ. ಸುದ್ದಿ ಬಂದ ಮೇಲೂ ಹೆಣೀತಾನೇ ಇದ್ಲಂತೆ. ಹಿಮ್ಮಡಿಗೆ ಅಂತ ಬಗ್ಗಿಸಿ ತಿರುಗಿಸೋ ಜಾಗ ದಾಟಿಹೋಯ್ತು, ಮತ್ತೆ ಹೆಣೆದ್ಲು, ಮತ್ತೆ ಹೆಣೆದ್ಲು. ನೀನು ಬಂದಾಗ ಅದು ಒಂದು ಮಾರು ಉದ್ದ ಆಗಿತ್ತು."

ಆ ಹತ್ತೊಂಬತ್ತು ದಿನ ಯಾಗುಪನಿಗೆ ಚೆನ್ನಾಗಿ ನೆನಪಿತ್ತು. ಒಡೆದುಕೊಂಡ ಗಡ್ಡೆ ದಕ್ಷಿಣಕ್ಕೆ ಸರಿದದ್ದು, ಹಸಿ ಕೊಬ್ಬು ತಿಂದದ್ದು, ಕೊನೆಗೆ ಲಾತ್ವಿಯಾದ ತೀರಕ್ಕೆ ಬಡಿದದ್ದು. ಆ ಕತೆಯನ್ನು ಅವನು ಹೇಳದ ಮದುವೆಮನೆಯಿಲ್ಲ, ಹೇಳದ ದೋಣಿಯಿಲ್ಲ. ಅದರಲ್ಲಿ ಮೂವರು ಗಂಡಸರಿದ್ದರು, ಗಾಳಿಯಿತ್ತು, ಒಂದು ಬಂದೂಕಿತ್ತು. ಇನ್ನೊಂದು ತುದಿಯಲ್ಲಿ ಯಾರಾದರೂ ಇದ್ದರೆಂದು ಅವನಿಗೆ ಹೊಳೆದಿರಲಿಲ್ಲ. ಅವನು ಮರಳಿದ ದಿನ ರೂಸಿ, "ಬಂದ್ಯಾ? ಕೈಕಾಲು ತೊಳ್ಕೋ," ಎಂದಿದ್ದಳು, ಅಷ್ಟೇ.

ರೂಸಿ ಸೌದೆ ಹೊತ್ತು ಬಂದಳು, ಕಾಲಿಂದ ಸುರುಳಿಯನ್ನು ಮತ್ತೆ ಬಾಗಿಲಿಗೆ ಒತ್ತಿದಳು.

"ರೂಸಿ, ಯಾಕೆ ಹಿಮ್ಮಡಿ ತಿರುಗಿಸ್ಲಿಲ್ಲ?"

ಅವಳು ಮಗಳನ್ನೊಮ್ಮೆ ದುರುಗುಟ್ಟಿ ನೋಡಿ ಸೌದೆ ಜೋಡಿಸತೊಡಗಿದಳು. ಕೊನೆಯ ತುಂಡು ಇಟ್ಟು ಒಲೆಗೆ ಹೇಳುವಂತೆ ಹೇಳಿದಳು: "ಹಿಮ್ಮಡಿ ತಿರುಗಿಸ್ಬೇಕು ಅಂದ್ರೆ ಕುಣಿಕೆ ಎಣಿಸ್ಬೇಕು. ಎಣಿಸೋಕೆ ಕೂತ್ರೆ ದಿನಗಳನ್ನೂ ಎಣಿಸಿಬಿಡ್ತಿದ್ದೆ."

ಆಮೇಲೆ, "ಏನು ಹಾಗೆ ನೋಡ್ತಿದ್ದೀಯ? ಒಳ್ಳೆ ಉಣ್ಣೆ. ಹದಿನೇಳು ವರ್ಷದಿಂದ ಗಾಳಿ ತಡೀತಿದೆ," ಎಂದಳು.

ಏಪ್ರಿಲ್ ಮೊದಲ ವಾರದಲ್ಲಿ ನೈಋತ್ಯದ ಗಾಳಿ ಎದ್ದಿತು. ಮೊದಲ ದಿನ ಬೆಚ್ಚಗಿತ್ತು. ಚಾವಣಿಯಿಂದ ನೀರು ತೊಟ್ಟಿಕ್ಕತೊಡಗಿ ಊರಿನ ಮಕ್ಕಳೆಲ್ಲ ವಸಂತ ಬಂತೆಂದು ಕೂಗಿಕೊಂಡು ಓಡಿದರು. ಎರಡನೆಯ ದಿನ ಕಡಲ ಕಡೆಯಿಂದ ಗುಡುಗಿನಂಥ ಸದ್ದು. ಮೂರನೆಯ ದಿನ ಕಿಟಕಿಯ ಗಾಜಿಗೆ ಉಪ್ಪು ಮೆತ್ತಿಕೊಂಡಿತು. ಆಚೆ ದಡದ ಪ್ಯಾರ್ನು ಪಟ್ಟಣಕ್ಕಿದ್ದ ಗಡ್ಡೆಯ ಹಾದಿ ಒಡೆದುಹೋಯಿತು. ಇನ್ನು ನಡೆಯುವಂತೆಯೂ ಇಲ್ಲ, ಹುಟ್ಟು ಹಾಕುವಂತೆಯೂ ಇಲ್ಲ. ಆಚೆಯಿಂದ ಒಂದು ಕಾಗದವೂ ಬರದು. ಬೇಟೆಗೆ ಹೋದ ನಾಲ್ಕು ದೋಣಿಗಳಲ್ಲಿ ಮೂರು ಗಾಳಿಗೆ ಮುಂಚೆಯೇ ಬಂದಿದ್ದವು. ಆಂದ್ರುಸನ ದೋಣಿ ಬಂದಿರಲಿಲ್ಲ.

ಮನೆಯಲ್ಲಿ ಮಾತೆಲ್ಲ ಹಸುವಿನ ಮೇಲೆ, ನೂಲಿನ ಮೇಲೆ. ಟಿಕಿಟಿಕಿ ಸ್ವಲ್ಪ ಬಿರುಸಾಯಿತು, ಅಷ್ಟೇ ವ್ಯತ್ಯಾಸ.  ಹೆಂಗಸರಿಗಾದರೆ ಕಡಲೆಂದರೆ ಒಂದು ಕತ್ತಲು. ಯಾಗುಪನಿಗೆ ಅದರ ಪ್ರತಿಯೊಂದು ಸಂದಿ ಗೊತ್ತಿತ್ತು. ಈ ಗಾಳಿಗೆ ಗಡ್ಡೆ ಎಲ್ಲಿ ಸೀಳುತ್ತದೆ, ಸೀಳಿದ್ದು ಯಾವ ಕಡೆ ತಿರುಗುತ್ತದೆ, ಒಂದರ ಮೇಲೊಂದು ಏರುವಾಗ ದೋಣಿಯ ಹಲಗೆ ಹೇಗೆ ಕಿರುಗುಟ್ಟುತ್ತದೆ, ಎಲ್ಲ. ಕಣ್ಣು ಮುಚ್ಚಿದರೆ ಕಾಣುತ್ತಿತ್ತು. ಎದ್ದು ಹೋಗೋಣವೆಂದರೆ ಕಾಲು ಹಲಗೆಯಲ್ಲಿ. ಕಾಯುವುದಕ್ಕಿಂತ, ತನಗಾಗಿ ಇನ್ನೊಬ್ಬರು ಕಾಯುವಂತೆ ಹೋಗಿಬಿಡುವುದು ಎಷ್ಟು ಸುಲಭದ ಕೆಲಸವಾಗಿತ್ತೆಂದು ಅವನಿಗೆ ಅರಿವಾಯಿತು.

"ಅಪ್ಪ," ಎಂದಳು ಲೀಸು ನಾಲ್ಕನೆಯ ದಿನ, ಕೈಗವಸಿನಿಂದ ತಲೆ ಎತ್ತದೆ. "ಈ ಗಾಳೀಲಿ ಅವರು ಏನ್ ಮಾಡ್ತಿರ್ತಾರೆ?"

ಗಂಜಿ ಕಲಕುತ್ತಿದ್ದ ರೂಸಿಯ ಕೈ ನಿಂತಿತು. ಆ ಮನೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿದ್ದಿಲ್ಲ. ಕೇಳುವುದಕ್ಕೆ ಅಲ್ಲಿ ಯಾವತ್ತೂ ಉತ್ತರ ಬಲ್ಲವರಿರಲಿಲ್ಲ.

ಯಾಗುಪ ಕಡ್ಡಿ ನಿಲ್ಲಿಸದೆ ಹೇಳತೊಡಗಿದ. "ದೋಣಿ ಬೋರಲು ಹಾಕ್ತಾರೆ," ಎಂದ. "ಗಾಳಿಗೆ ಬೆನ್ನು ಕೊಟ್ಟು. ಮೇಲೆ ಹಾಯಿಬಟ್ಟೆ ಕಟ್ಟಿ ಅಂಚಿಗೆಲ್ಲ ಹಿಮ ಮುಚ್ತಾರೆ. ಒಳಗೆ ಕುರಿತುಪ್ಪಳ ಹಾಸಿ ಸಾಲಾಗಿ ಮಲಗೋದು. ಒಬ್ಬ ತಿರುಗಿದ್ರೆ ಎಲ್ಲರೂ ತಿರುಗ್ಬೇಕು, ಅಷ್ಟು ಇಕ್ಕಟ್ಟು. ಕೊಬ್ಬಿನ ದೀಪ ಹಚ್ಕೊಂಡು ಸೂಪು ಕಾಯಿಸ್ತಾರೆ. ಆಂದ್ರುಸ್ ಸುಳ್ಳು ಹೇಳ್ತಿರ್ತಾನೆ. ಸೀಲ್ ಒಂದು ಬಂದು ಅವನ ಟೋಪಿ ಕೇಳ್ತು ಅನ್ನೋ ಕತೆ, ಪ್ರತಿ ವರ್ಷ ಅದೇ. ಎಲ್ಲರೂ ಮೊದಲ ಸಲ ಕೇಳಿದ ಹಾಗೆ ನಗ್ಬೇಕು."

"ಮಿಹ್ಕೆಲ್?"

"ಚಿಕ್ಕವನು ಅಂಚಲ್ಲಿ ಮಲಗೋದು. ಅಲ್ಲೇ ಚಳಿ ಜಾಸ್ತಿ. ಆದ್ರೆ ಅವನಿಗೆ ಒಂದು ಅಭ್ಯಾಸ ಇದೆ, ಒದ್ದೆ ಕಾಲುಚೀಲ ಬಿಚ್ಚಿ ಹೊಟ್ಟೆ ಮೇಲೆ ಇಟ್ಕೊಂಡು ಒಣಗಿಸ್ತಾನೆ. ಬುದ್ಧಿವಂತ. ಅಂಥವರಿಗೆ ಕಾಲು ಹೆಪ್ಪುಗಟ್ಟಲ್ಲ."

ಇದೆಲ್ಲ ನಿಜವೇ. ಗಡ್ಡೆ ಗಟ್ಟಿಯಿದ್ದರೆ ಹಾಗೇ ಇರುತ್ತದೆ. ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಅವನು ನುಂಗಿಕೊಂಡ. ಲೀಸು ಮತ್ತೆ ಕೇಳಿದಳು, ಅವನು ಮತ್ತೆ ಹೇಳಿದ. ದೋಣಿಯ ಅಡಿಯಲ್ಲಿ ಹೊಗೆಯ ವಾಸನೆ ಹೇಗಿರುತ್ತದೆ, ಗಡ್ಡೆಯ ಕೆಳಗೆ ನೀರು ಹರಿಯುವುದು ಮಲಗಿದವನ ಕಿವಿಗೆ ಹೇಗೆ ಕೇಳುತ್ತದೆ, ಬೆಳಗಾದಾಗ ಹಾಯಿಬಟ್ಟೆಯ ತೂತಿನಿಂದ ಬೆಳಕು ಬಂದು ಒಬ್ಬೊಬ್ಬನ ಮೂಗಿನ ಮೇಲೆ ಹೇಗೆ ಕೂರುತ್ತದೆ. ಕೇಳುತ್ತ ಕೇಳುತ್ತ ಆ ಕೋಣೆಯೇ ಬೋರಲು ಹಾಕಿದ ದೋಣಿಯಾಯಿತು. ಹೊರಗೆ ಗಾಳಿ, ಒಳಗೆ ನಾಲ್ವರು, ಒಲೆಯ ಹಿಂದೆ ಕುರಿಮರಿ. ರೂಸಿ ಯಾವಾಗ ಬಂದು ಮಂಚದ ತುದಿಯಲ್ಲಿ ಕೂತಳೋ ಯಾರೂ ನೋಡಲಿಲ್ಲ. ಮೂವತ್ತು ಚಳಿಗಾಲ ಕಾದವಳು, ಗಂಡ ಎಲ್ಲಿ ಮಲಗುತ್ತಿದ್ದ ಎಂಬುದನ್ನು ಅಂದು ಮೊದಲ ಬಾರಿಗೆ ಕೇಳಿದಳು.

"ನೀನು ಯಾವ ಕಡೆ ಮಲಗ್ತಿದ್ದೆ?"

"ನಡುವೆ."

"ಹಾಗಿದ್ರೆ ಸರಿ," ಎಂದಳು, ಅದು ಈಗ ಮುಖ್ಯವಾದದ್ದೆಂಬಂತೆ.

ಆ ಸಾಲಿನಲ್ಲಿ ಯಾಗುಪ ಏಳು ಕುಣಿಕೆ ತಪ್ಪಿಸಿದ್ದ. ಲೀಸು ಬಿಚ್ಚಿಕೊಟ್ಟಳು, ಅವನು ಮತ್ತೆ ಹೆಣೆದ.

ಆರನೆಯ ದಿನ ಗಾಳಿ ನಿಂತಿತು. ಏಳನೆಯ ದಿನ ಸೂರ್ಯ ಹುಟ್ಟುವುದಕ್ಕಿಂತ ತುಸು ಮುಂಚೆ, ಆಕಾಶ ಹಾಲಿನ ಬಣ್ಣಕ್ಕೆ ತಿರುಗುವ ಹೊತ್ತಿಗೆ, ವೀಯು ಅಜ್ಜಿ ಎದ್ದು ಕೂತು, "ಔಲ್ ಬಂತು," ಎಂದಳು. ಯಾರಿಗೂ ಏನೂ ಕೇಳಿಸಲಿಲ್ಲ. ಆಮೇಲೆ ಕೇಳಿಸಿತು. ಬಹಳ ದೂರದಲ್ಲಿ, ತೆರೆದ ನೀರಿನ ಮೇಲೆ, ಸಾವಿರಾರು ಔಲ್, ಅಂದರೆ ಉದ್ದಬಾಲದ ಬಾತುಗಳು, ಒಟ್ಟಿಗೆ ಕೂಗುವ ಸದ್ದು. ಔಲ್ ಕೂಗಿದರೆ ಕಡಲು ತೆರೆದಂತೆ. ರೂಸಿ ಬಾಗಿಲು ತೆರೆದಳು. ತೇವದ ನೆಲದ ವಾಸನೆ ಒಳಬಂತು. ಹಿಂಬದಿಯ ಬರ್ಚ್ ಮರಕ್ಕೆ ಕಟ್ಟಿದ್ದ ಮಡಕೆಯಲ್ಲಿ ಮರದ ಸಿಹಿರಸ ತುಂಬಿ ಚೆಲ್ಲುತ್ತಿತ್ತು.

ಹತ್ತು ಗಂಟೆಯ ಹೊತ್ತಿಗೆ ದೋಣಿ ಕಂಡಿತು. ಗಡ್ಡೆಯ ಬಿಳಿಚೂರುಗಳ ನಡುವೆ ಕಪ್ಪಗೆ, ನಿಧಾನ. ಊರೆಲ್ಲ ದಡಕ್ಕೆ ಓಡಿತು. ಯಾಗುಪ ಕಿಟಕಿಗೆ ಮೂಗು ಒತ್ತಿ ಎಣಿಸಿದ. ಐದು ತಲೆಗಳಿರಬೇಕು. ಒಂದು, ಎರಡು, ಮೂರು, ನಾಲ್ಕು.  ದೋಣಿ ತುಸು ತಿರುಗಿತು, ಆಂದ್ರುಸನ ದಪ್ಪ ದೇಹದ ಹಿಂದಿನಿಂದ ಐದನೆಯ ತಲೆ ಕಾಣಿಸಿತು. ಅದು ಕಣ್ಣು ಮುಚ್ಚಿ ಹಾಡುತ್ತಿತ್ತೋ ಏನೋ, ಅಷ್ಟು ದೂರದಿಂದ ತಿಳಿಯಲಿಲ್ಲ.

ಲೀಸು ಓಡಲಿಲ್ಲ. ಅವಳು ಕಿಟಕಿಯ ಬಳಿ ಅಪ್ಪನ ಹಿಂದೆ ನಿಂತಿದ್ದಳು. ಅವನ ಭುಜವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಸಂಜೆಯವರೆಗೂ ಗುರುತಿತ್ತು.

"ಹೋಗು," ಎಂದ ಯಾಗುಪ. "ಬಂದ್ಯಾ, ಕೈಕಾಲು ತೊಳ್ಕೋ ಅಂತ ಮಾತ್ರ ಅನ್ಬೇಡ. ಇನ್ನೇನಾದ್ರೂ ಹೇಳು."

ರೂಸಿ ಕೇಳಿಸಿಕೊಂಡಳು. "ಮತ್ತೇನು ಹೇಳ್ಬೇಕಿತ್ತು? ಮೈಯೆಲ್ಲ ಕೊಬ್ಬಿನ ನಾತ!" ಎಂದು ರೇಗಿದಳು. ರೇಗುತ್ತಲೇ ಅವನ ತಲೆಗೂದಲನ್ನು ಒಮ್ಮೆ ಹಿಂದಕ್ಕೆ ಸವರಿದಳು.

ಮದುವೆ ಮೂರು ದಿನ ನಡೆಯಿತು. ಹಲಗೆ ಬಿಚ್ಚಿದ ಕಾಲಿನಲ್ಲಿ, ಕೋಲೂರಿ, ಯಾಗುಪ ಚರ್ಚಿಗೂ ಹೋದ, ಬೀಗರ ಮನೆಗೂ ಹೋದ. ಎರಡನೆಯ ದಿನ ವಧುವಿನ ತಲೆಯ ಮುಸುಕು ತೆಗೆದು ಮದುವೆಯಾದ ಹೆಂಗಸರ ಟೋಪಿ ತೊಡಿಸಿದ ಮೇಲೆ ಪೆಟ್ಟಿಗೆ ತೆರೆದರು. ಲೀಸು ಒಬ್ಬೊಬ್ಬರ ಹೆಸರು ಕೂಗಿ ಒಂದೊಂದು ಜೊತೆ ಕೊಟ್ಟಳು. ನಲವತ್ತೆರಡೂ ಇದ್ದವು. ಹಿರಿಯನೆಂದು ಆಂದ್ರುಸನಿಗೆ ಮೊದಲ ಜೊತೆ.

ಆಂದ್ರುಸ್ ಅದನ್ನು ಬೆಳಕಿಗೆ ಹಿಡಿದ, ಎಳೆದ, ಒಳಗೆ ಬಾಯಿಟ್ಟು ಊದಿದ. "ಇದು ಯಾರ ಕೈ? ಒಂದು ಗವಸಲ್ಲಿ ಗಾಳೀನೂ ಹೋಗ್ತಿಲ್ಲ. ರೂಸಿ, ನಿನ್ನದಾ?"

ರೂಸಿ ಬಾಯಿ ತೆರೆಯುವ ಮೊದಲೇ ಮೂಲೆಯಿಂದ ವೀಯು ಅಜ್ಜಿಯ ದನಿ, ಕಿವಿ ಮಂದವಾದವರ ದನಿಯಂತೆ ಗಟ್ಟಿಯಾಗಿ, ಮನೆ ತುಂಬ ಕೇಳಿತು: "ನನ್ನ ಮಗಂದು! ಹೇಳಿದೆ, ಸಡಿಲ ಬಿಡು ಅಂತ, ಕೇಳಲಿಲ್ಲ!"

ಬಿಯರ್ ಕುಡಿಯುತ್ತಿದ್ದವರು ನಿಲ್ಲಿಸಿದರು. ಪಿಟೀಲೂ ನಿಂತಿತು. ಯಾಗುಪನಿಗೆ ಕುತ್ತಿಗೆಯಿಂದ ಕಿವಿಯವರೆಗೆ ಬಿಸಿ ಏರಿತು. ಆಗ ಲೀಸು, ಹೊಸ ಟೋಪಿಯ ಲೀಸು, ಅಪ್ಪನ ಪಕ್ಕಕ್ಕೆ ಬಂದು ನಿಂತಳು. "ಹೌದು. ಹನ್ನೊಂದು ಜೊತೇಲಿ ಎಡಗವಸೆಲ್ಲ ಅಪ್ಪಂದು, ಬಲಗವಸು ನಂದು. ಬೇಡದವರು ವಾಪಸ್ಸು ಕೊಡಿ."

ಯಾರೂ ವಾಪಸ್ಸು ಕೊಡಲಿಲ್ಲ. ಆದರೆ ನಗದೆ ಬಿಡಲೂ ಇಲ್ಲ. ಆಂದ್ರುಸ್ ಮೇಜು ಗುದ್ದಿ ಗುದ್ದಿ ನಕ್ಕ. "ಅಯ್ಯೋ ಬೀಗರೇ! ಮುಂದಿನ ವರ್ಷ ನಿಮ್ಮ ಜಾಗ ಗಟ್ಟಿ ಆಯ್ತು ಬಿಡಿ. ಬಂದೂಕು ಬೇಡ, ನೂಲಿನ ಉಂಡೆ ತನ್ನಿ!" ಆ ದಿನದಿಂದ ಅವನು ಕೈಗವಸು ಯಾಗುಪನಾದ. ಕಿಹ್ನುವಿನಲ್ಲಿ ಅಡ್ಡಹೆಸರು ಒಮ್ಮೆ ಅಂಟಿದರೆ ಮೊಮ್ಮಕ್ಕಳ ಕಾಲಕ್ಕೂ ಬಿಡದು. ಮೊದಲ ಒಂದು ವರ್ಷ ಅದನ್ನು ಕೇಳಿದಾಗಲೆಲ್ಲ ಅವನ ದವಡೆ ಬಿಗಿಯುತ್ತಿತ್ತು. ಆಮೇಲೆ ತಿರುಗಿ ನೋಡುವುದು ಅಭ್ಯಾಸವಾಯಿತು. ಆಂದ್ರುಸನೋ, ಬಲಗವಸು ಹರಿದುಹೋಗಿ ಎಡಗವಸು ಉಳಿದಾಗ, ಅದಕ್ಕೊಂದು ಜೊತೆ ಬೇಕೆಂದು ಹಿತ್ತಲ ಬಾಗಿಲಿಂದ ಬಂದು ಪಿಸುಗುಟ್ಟಿ ಕೇಳಿದ. ಯಾಗುಪ ಮಾಡಿಕೊಟ್ಟ.

ಅವನು ಮತ್ತೆ ನಾಲ್ಕು ಚಳಿಗಾಲ ಬೇಟೆಗೆ ಹೋದ. ಬೋರಲು ಹಾಕಿದ ದೋಣಿಯ ಕೆಳಗೆ ಮಲಗಿದಾಗ, ಈಗ ರೂಸಿ ಯಾವ ಕಡೆ ಕೂತಿರುತ್ತಾಳೆ, ಬೆಳಕು ಯಾವ ತೊಲೆಯ ತನಕ ಬಂದಿರುತ್ತದೆ ಎಂದು ಅವನಿಗೆ ಕಾಣುತ್ತಿತ್ತು. ಹೋಗುವ ಮುನ್ನ ಅವಳಿಗೆ ಹೇಳಿಯೂ ಹೋಗುತ್ತಿದ್ದ, ಯಾವ ಕಡೆ ಹೋಗುತ್ತೇವೆ, ಗಾಳಿ ಎದ್ದರೆ ಎಲ್ಲಿ ತಂಗುತ್ತೇವೆ ಎಂದು. ಅವಳು, "ನನಗ್ಯಾಕೆ ಅದೆಲ್ಲ," ಎನ್ನುತ್ತ ಒಂದೂ ಬಿಡದೆ ಕೇಳಿಸಿಕೊಳ್ಳುತ್ತಿದ್ದಳು.

ಆದರೆ ಅದಕ್ಕೂ ಮುಂಚೆ, ಅದೇ ವಸಂತದಲ್ಲಿ, ಮದುವೆ ಮುಗಿದ ಮರುವಾರ ರೈಮ್ ಎಂಬ ಸಣ್ಣ ಬೆಳ್ಳನೆಯ ಮೀನು ಹಿಂಡುಹಿಂಡಾಗಿ ದಡಕ್ಕೆ ಬಂತು. ಇನ್ನೂ ಕುಂಟುತ್ತಿದ್ದ ಯಾಗುಪ ಬೆಳಗ್ಗೆ ದೋಣಿ ತಳ್ಳಲು ಹೋದಾಗ ಮಿಹ್ಕೆಲ್ ಆಗಲೇ ಅಲ್ಲಿ ನಿಂತಿದ್ದ, ಪ್ಯಾಂಟು ಮಡಿಸಿಕೊಂಡು ಮೊಣಕಾಲವರೆಗೆ ನೀರಿನಲ್ಲಿ.

"ಮಾವ, ಕಾಲು ತಡೆಯುತ್ತಾ?"

"ಕಾಲು ತಡೆಯುತ್ತೆ. ಈ ನೀರು ನೀನು ತಡೀತೀಯಾ ನೋಡ್ಕೋ."

ಕಡಲು ಎಣ್ಣೆ ಸುರಿದಂತೆ ನಯವಾಗಿತ್ತು. ಮಂಜು ಅದರ ಮೇಲಿನಿಂದ ಎದ್ದು ಜುನಿಪರ್ ಪೊದೆಗಳ ಕಡೆಗೆ ನಡೆದುಹೋಗುತ್ತಿತ್ತು. ಇಬ್ಬರೂ ಬಲೆ ಎಳೆದರು. ಮೊದಲ ಎಳೆತಕ್ಕೇ ತಳ ತುಂಬಿತು, ಬೆಳ್ಳಗೆ, ಮಿಡುಕುತ್ತ. ಎರಡನೆಯದಕ್ಕೆ ದೋಣಿ ಅಂಚಿನವರೆಗೂ ನೀರಿಗಿಳಿದು ಕೂತಿತು. ತಿರುಗಿ ಬರುವಾಗ ದಡದಲ್ಲಿ ರೂಸಿ ಮತ್ತು ಲೀಸು ಕೆಂಪು ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬುಟ್ಟಿಗಳೊಡನೆ ನಿಂತಿದ್ದರು.

"ಸೂರ್ಯ ನೆತ್ತಿಗೆ ಬಂತು, ಈಗ ಬರ್ತಿದ್ದೀರಾ!" ಎಂದು ರೂಸಿ ನೀರಿನಾಚೆಯಿಂದಲೇ ಬಯ್ಯತೊಡಗಿದಳು. ಸೂರ್ಯ ಇನ್ನೂ ಮರದ ತುದಿಯನ್ನೂ ಮುಟ್ಟಿರಲಿಲ್ಲ.